14 ಜನ ಆಪ್ (ಆಪರೇಟರ್) ಇದ್ದರೂ ಚಾನೆಲ್ ಕೈ ತಪ್ಪಿತು. ಯಾರಿಗೆ ಎಷ್ಟು ಅಧಿಕಾರ ಕೊಡಬೇಕು?

ಓಲೆಗರಿ

ನಮ್ಮದು ಐಆರ್‌ಸಿಯಲ್ಲಿ, ಅಂದರೆ ಟೈಪ್ ಮಾಡಿ ಮಾತಾಡುವ ಹಳೆಯ ಚಾಟ್ ವ್ಯವಸ್ಥೆಯಲ್ಲಿ, ಒಂದು ಸಹಾಯದ ಚಾನೆಲ್. ಯಾವಾಗ ನೋಡಿದರೂ 200 ಚಿಲ್ಲರೆ ಜನ ಒಳಗಿರುತ್ತಾರೆ, ಬಾಯಿ ಬಿಡುವವರು ಇಪ್ಪತ್ತು ಜನ. ಆರು ತಿಂಗಳು ತಾಳ್ಮೆಯಿಂದ ಉತ್ತರ ಕೊಟ್ಟವರನ್ನು ಆಪ್, ಅಂದರೆ ಚಾನೆಲ್ ನೋಡಿಕೊಳ್ಳುವವರು, ಮಾಡುವುದು ಶುರುವಿನಿಂದ ಬೆಳೆದುಬಂದ ರೂಢಿ. ಮಾಡುತ್ತಾ ಮಾಡುತ್ತಾ ಫೌಂಡರ್ ಬಿಟ್ಟು 14 ಜನ ಆದೆವು. ಎಲ್ಲರಿಗೂ ಒಂದೇ ಥರದ ಫ್ಲ್ಯಾಗ್, ಅಂದರೆ ಒಂದೊಂದು ಹಕ್ಕಿಗೆ ಒಂದೊಂದು ಅಕ್ಷರ. ಮೊದಲನೆಯವರಿಗೆ ಏನು ಹಾಕಿದ್ದರೋ ಅದನ್ನೇ ಕಾಪಿ ಮಾಡಿ ಮುಂದಿನವರಿಗೂ ಅಂಟಿಸಿದ್ದು. ಯಾವ ಅಕ್ಷರಕ್ಕೆ ಏನರ್ಥ ಅಂತ ಯಾರೂ ನೋಡಿರಲಿಲ್ಲ, ನಾನೂ ಸೇರಿ.

ಎರಡು ವಾರದ ಹಿಂದೆ, ರಾತ್ರಿ ಎರಡು ದಾಟಿತ್ತು. ವರ್ಷದಿಂದ ಪತ್ತೆ ಇಲ್ಲದ ಒಬ್ಬ ಹಳೆಯ ಆಪ್ ಒಳಗೆ ಬಂದರು. ಯಾರಿಗೆ ಯಾವ ಹಕ್ಕು ಅನ್ನುವ ಪಟ್ಟಿ ಇಟ್ಟುಕೊಳ್ಳುವ ಚಾನ್‌ಸರ್ವ್ ತಾನಾಗಿಯೇ ಅವರಿಗೆ @, ಅಂದರೆ ಆಪ್ ಚಿಹ್ನೆ, ಕೊಟ್ಟಿತು. 'ಓ, ಬನ್ನಿ ಬನ್ನಿ, ಎಷ್ಟು ದಿನ ಆಯ್ತು' ಅಂತ ನಾನು ಟೈಪ್ ಮಾಡಿ ಎಂಟರ್ ಒತ್ತುವಷ್ಟರಲ್ಲಿ ನನ್ನ @ ಹೋಗಿತ್ತು. ಆಮೇಲೆ ಲಾಗ್ ತೆಗೆದು ಎಣಿಸಿದೆ, ಒಟ್ಟು 40 ಸೆಕೆಂಡು. ಮೊದಲು ಪಟ್ಟಿಯಲ್ಲಿದ್ದ ನಮ್ಮ 13 ಜನರ ಹೆಸರು ಅಳಿಸಿದರು. ಇದ್ದವರ @ ಕಿತ್ತರು. ಚಾನೆಲ್‌ಗೆ +ಐ ಹಾಕಿದರು, ಅಂದರೆ ಕರೆದರೆ ಮಾತ್ರ ಒಳಗೆ. ಕೊನೆಗೆ *!*@* ಅಂತ, ಅಂದರೆ ಎಲ್ಲರಿಗೂ, ಬ್ಯಾನ್ ಹಾಕಿ ಒಬ್ಬೊಬ್ಬರನ್ನೇ ಕಿಕ್ ಮಾಡುತ್ತಾ ಹೋದರು.

ಬಂದದ್ದು ಅವರಲ್ಲ, ಅವರ ಅಕೌಂಟ್ ಕದ್ದ ಯಾರೋ ಅಂತ ಆಮೇಲೆ ಗೊತ್ತಾಯಿತು. ಆ ಹಳೆಯ ಆಪ್ ಬೇರೆಲ್ಲೋ ಸೋರಿಹೋದ ಪಾಸ್‌ವರ್ಡನ್ನೇ ಇಲ್ಲೂ ಇಟ್ಟುಕೊಂಡಿದ್ದರಂತೆ. ಬೆಳಗ್ಗೆ ಫೌಂಡರ್ ಎದ್ದು ರಿಕವರ್ ಕಮ್ಯಾಂಡ್ ಕೊಟ್ಟು ಚಾನೆಲ್ ವಾಪಸ್ ಪಡೆದರು.

ಈಗ ಹೊಸದಾಗಿ ಪಟ್ಟಿ ಬರೆಯಬೇಕು. ಯಾರಿಗೆ ಎಷ್ಟು? ಬರದೇ ಇರುವವರನ್ನು ತೆಗೆದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಹಳೇಮೋಡೆಮ್

ಫೌಂಡರ್ ಅಂತ ಒಬ್ಬರು ಇದ್ದರಲ್ಲ, ಅದಕ್ಕೇ ಖುಷಿ ಪಡಿ. ಅದೂ ಇಲ್ಲದ ಕಾಲ ನೋಡಿದವನು ನಾನು.

ಐಆರ್‌ಸಿ ಹುಟ್ಟಿದ್ದು 1988ರ ಆಗಸ್ಟ್‌ನಲ್ಲಿ. ಫಿನ್ಲೆಂಡಿನ ಊಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕರಿನೆನ್ ಬರೆದದ್ದು. ಅದರ ಮೂಲ ನಿಯಮದಲ್ಲಿ ಚಾನೆಲ್‌ಗೆ 'ಯಜಮಾನ' ಅಂತ ನೆನಪಿಟ್ಟುಕೊಳ್ಳುವವರೇ ಇಲ್ಲ. ಖಾಲಿ ಚಾನೆಲ್‌ಗೆ ಯಾರು ಮೊದಲು ಕಾಲಿಟ್ಟರೋ ಅವರಿಗೆ @. ಕೊನೆಯವರು ಹೊರಟರೆ ಚಾನೆಲ್ಲೇ ಮಾಯ. ಎಲ್ಲಾ ಆಪ್‌ಗಳ ಕನೆಕ್ಷನ್ನೂ ಒಮ್ಮೆಗೇ ಹೋಯಿತು ಅಂದರೆ ಒಳಗೆ 30 ಜನ ಇದ್ದೂ ಯಾರ ಕೈಯಲ್ಲೂ ಏನೂ ಇಲ್ಲ. ಆಗ ಒಂದೇ ದಾರಿ. ಎಲ್ಲರೂ ಒಟ್ಟಿಗೆ ಹೊರಗೆ ಹೋಗಿ ಮತ್ತೆ ಬರುವುದು. ಆದರೆ ಯಾವನೋ ಒಬ್ಬ ಕಂಪ್ಯೂಟರ್ ಆನ್ ಮಾಡಿಟ್ಟು ಮಲಗಿರುತ್ತಿದ್ದ. ಅವನು ಹೊರಡುವವರೆಗೆ ಚಾನೆಲ್ ಖಾಲಿ ಆಗುವುದಿಲ್ಲ. ಅಂಥವನೊಬ್ಬನಿಗೆ ಮೂರು ದಿನ ಕಾದಿದ್ದೇವೆ.

ಇನ್ನು ನೆಟ್‌ಸ್ಪ್ಲಿಟ್ ಕಥೆ. ಎರಡು ಸರ್ವರ್ ನಡುವಿನ ಕೊಂಡಿ ಕಳಚಿದರೆ ಒಂದೇ ಚಾನೆಲ್ ಎರಡು ಹೋಳು. ಯಾರೂ ಇಲ್ಲದ ಹೋಳಿಗೆ ನುಗ್ಗಿ @ ಪಡೆದು, ಕೊಂಡಿ ಮತ್ತೆ ಕೂಡಿದಾಗ ಆ @ ಹಿಡಿದೇ ಒಳಗೆ ಬಂದು ಎಲ್ಲರನ್ನೂ ಓಡಿಸುವವರಿದ್ದರು. ಆಮೇಲೆ ಸರ್ವರ್‌ಗಳು ಚಾನೆಲ್ ಹುಟ್ಟಿದ ಸಮಯ ಹೋಲಿಸಿ ಹಳೆಯದಕ್ಕೇ ಬೆಲೆ ಕೊಡಲು ಶುರು ಮಾಡಿದ ಮೇಲೆ ಆ ಆಟ ನಿಂತಿತು. ಎಗ್‌ಡ್ರಾಪ್ ಬಾಟ್ ಬಂದದ್ದು 1993ರಲ್ಲಿ. ಚಾನೆಲ್ ಖಾಲಿ ಆಗದಂತೆ ಕೂತಿರುವುದು, ಗುರುತಿನವರು ಬಂದರೆ @ ಕೊಡುವುದು, ಇಷ್ಟಕ್ಕೇ ನಾವು ಅದನ್ನು ಸಾಕುತ್ತಿದ್ದೆವು. ಈಗ ಚಾನ್‌ಸರ್ವ್ ಮಾಡುವ ಕೆಲಸವೂ ಅದೇ ಅಲ್ವಾ?

ಬೀಗದಕೈ

ಹಳೇಮೋಡೆಮ್ ಸರ್ ಹೇಳಿದ್ದರಲ್ಲೇ ಉತ್ತರ ಇದೆ. ಆಗ @ ಇದ್ದರೆ ಅಧಿಕಾರ ಇತ್ತು, @ ಹೋದರೆ ಅಧಿಕಾರವೂ ಹೋಯಿತು. ಈಗ ಅವೆರಡೂ ಬೇರೆ ಬೇರೆ. ಪಟ್ಟಿಯಲ್ಲಿ ಹೆಸರು ಇರುವುದು ಒಂದು, ಈ ಕ್ಷಣ ತಲೆ ಮೇಲೆ @ ಇರುವುದು ಇನ್ನೊಂದು. ಓಲೆಗರಿಯವರೇ, ನಿಮ್ಮ @ ಕಿತ್ತದ್ದು ದೊಡ್ಡ ವಿಷಯವೇ ಅಲ್ಲ. ಪಟ್ಟಿಯಲ್ಲಿ ಹೆಸರು ಇದ್ದಿದ್ದರೆ ಚಾನ್‌ಸರ್ವ್‌ಗೆ ಒಂದು ಸಾಲು ಕಳಿಸಿ ಎರಡು ಸೆಕೆಂಡಿನಲ್ಲಿ ವಾಪಸ್ ಪಡೆಯುತ್ತಿದ್ದಿರಿ. ನಿಮ್ಮನ್ನು ಕೆಡವಿದ್ದು ಪಟ್ಟಿಯಿಂದ ಹೆಸರು ಅಳಿಸಿದ್ದು.

ಅದು ಅವನಿಗೆ ಹೇಗೆ ಸಾಧ್ಯವಾಯಿತು? ನಿಮ್ಮ ಸಾಲಿನಲ್ಲಿ ಸಣ್ಣ ಎಫ್ (f) ಇತ್ತು. ಪಟ್ಟಿ ತಿದ್ದುವ ಹಕ್ಕು ಅದು. ಚಾನ್‌ಸರ್ವ್ ನಡೆಸುವ ಅಥೀಮ್ ಸರ್ವಿಸಸ್ ತಂತ್ರಾಂಶ ಓಡುವ ನೆಟ್‌ವರ್ಕ್‌ಗಳಲ್ಲಿ, ಲಿಬೆರಾ ಚಾಟ್ ನೆಟ್‌ವರ್ಕ್ ಕೂಡ ಅದೇ, ನಿಯಮ ಹೀಗಿದೆ. ಎಫ್ ಇರುವವರು ತಮ್ಮ ಬಳಿ ಇರುವ ಫ್ಲ್ಯಾಗನ್ನು ಮಾತ್ರ ಕೊಡಬಹುದು, ಕೀಳಬಹುದು. ತಮ್ಮ ಬಳಿ ಇಲ್ಲದ ಫ್ಲ್ಯಾಗ್ ಇರುವವರನ್ನು ಮುಟ್ಟುವಂತಿಲ್ಲ. ಫೌಂಡರ್ ಬಳಿ ದೊಡ್ಡ ಎಫ್ ಇತ್ತು, ಅದಕ್ಕೇ ಅವರು ಬಚಾವ್. ನೀವು 14 ಜನರೂ ಒಂದೇ ಅಚ್ಚು, ಹಾಗಾಗಿ ಯಾರು ಯಾರನ್ನು ಬೇಕಾದರೂ ಅಳಿಸಬಹುದಿತ್ತು.

ಎರಡನೆಯದು, ದೊಡ್ಡ ಓ. ಸಣ್ಣ ಓ ಇದ್ದರೆ ಕೇಳಿದಾಗ @ ಸಿಗುತ್ತದೆ. ದೊಡ್ಡ ಓ ಇದ್ದರೆ ಒಳಗೆ ಬಂದ ತಕ್ಷಣ ತಾನಾಗಿಯೇ ಬರುತ್ತದೆ. ಯಾರಿಗೂ ದೊಡ್ಡದು ಬೇಡ. ಕೆಲಸ ಬಿದ್ದಾಗ @ ತೆಗೆದುಕೊಳ್ಳಿ, ಮುಗಿದ ಮೇಲೆ ಇಳಿಸಿ. ಕಳ್ಳನನ್ನು ತಡೆಯುವುದಕ್ಕೆ ಇದು ಅಷ್ಟೇನೂ ಉಪಯೋಗವಿಲ್ಲ, ಅವನೂ ಕೇಳಿ ಪಡೆಯುತ್ತಾನೆ. ಲಾಭ ಇರುವುದು ನಮ್ಮ ಸ್ವಭಾವಕ್ಕೆ. ಸಿಟ್ಟು ಬಂದ ಗಳಿಗೆಯಲ್ಲಿ @ ತಲೆ ಮೇಲೇ ಇದ್ದರೆ ಕಿಕ್ ಒತ್ತಿಬಿಡುತ್ತೇವೆ. ಕೇಳಿ ಪಡೆಯಬೇಕು ಅಂದಾಗ ಆ ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ನಾನು ಇದನ್ನು ನನ್ನ ಮೇಲೇ ಪ್ರಯೋಗ ಮಾಡಿ ನೋಡಿದ್ದೇನೆ.

ಪುಟಾಣಿಚುಕ್ಕಿ

ಕ್ಷಮಿಸಿ, ಹೊಸಬಳು. ಇಂಥದ್ದು ಆದಾಗ ಐಆರ್‌ಸಿ ಆಪ್‌ಗಳಿಗೆ ಹೇಳಿದರೆ ಸರಿ ಮಾಡಿಕೊಡುವುದಿಲ್ಲವಾ?

ಬೀಗದಕೈ

ಹೆಸರು ಒಂದೇ ಥರ ಇರುವುದರಿಂದ ಎಲ್ಲರಿಗೂ ಗೊಂದಲ. ಚಾನೆಲ್ ಆಪ್ ಅಂದರೆ ಒಂದು ಚಾನೆಲ್ ನೋಡಿಕೊಳ್ಳುವವರು. ಐಆರ್‌ಸಿ ಆಪ್ ಅಂದರೆ ಇಡೀ ನೆಟ್‌ವರ್ಕ್ ನಡೆಸುವವರು. ಅವರು ಇಡೀ ಸರ್ವರ್‌ನಿಂದಲೇ ಹೊರಗೆ ಹಾಕಬಲ್ಲರು. ಆದರೆ ನಮ್ಮ ನಮ್ಮ ಚಾನೆಲ್ ಜಗಳಕ್ಕೆ ಸಾಮಾನ್ಯವಾಗಿ ತಲೆ ಹಾಕುವುದಿಲ್ಲ. 'ಫೌಂಡರ್ ಯಾರು, ಅವರನ್ನು ಕೇಳಿ' ಅಂತಾರೆ. ಅಕೌಂಟ್ ಕದ್ದಿದ್ದಾರೆ ಅಂತ ಹೇಳಿದರೆ ನೋಡುತ್ತಾರೆ, ಅದು ಬೇರೆ.

ಹಳೇಮೋಡೆಮ್

ಹಾಗಂತ ಫೌಂಡರೇ ಎಲ್ಲರಿಗಿಂತ ಮೇಲೆ ಅಂದುಕೊಳ್ಳಬೇಡಿ ಚುಕ್ಕಿ. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಅನ್ನುವ ಐಆರ್‌ಸಿ ನೆಟ್‌ವರ್ಕ್‌ನ ಹಿಡಿತ ಬದಲಾಯಿತು, ಹಳೆಯ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಕಟ್ಟಿದರು. ಅದೇ ತಿಂಗಳು, ಟಾಪಿಕ್‌ನಲ್ಲಿ, ಅಂದರೆ ಚಾನೆಲ್‌ನ ತಲೆಬರಹದಲ್ಲಿ, ಲಿಬೆರಾದ ಹೆಸರು ಬರೆದಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್ ತನ್ನ ಕೈಗೆ ತೆಗೆದುಕೊಂಡಿತು. ಅವಕ್ಕೆಲ್ಲಾ ಫೌಂಡರ್ ಇದ್ದರು. ಕೆಳಗಿನ ನೆಲವೇ ಬೇರೆಯವರದಾದರೆ ನಮ್ಮ ಫ್ಲ್ಯಾಗ್ ಏನು ಮಾಡೀತು.

ಮಾತುಕಮ್ಮಿ

ವಾಯ್ಸ್ ಬಗ್ಗೆ ಯಾರೂ ಹೇಳಲೇ ಇಲ್ಲ. + ಚಿಹ್ನೆ. ಅದು ಸುಮ್ನೆ ಅಲಂಕಾರ ಅಂದುಕೊಂಡವರೇ ಜಾಸ್ತಿ. ಚಾನೆಲ್‌ಗೆ +ಎಂ ಹಾಕಿದ ಮೇಲೆ ಅದರ ಬೆಲೆ ಗೊತ್ತಾಗುವುದು. ಆಗ + ಅಥವಾ ಅದಕ್ಕಿಂತ ಮೇಲಿನ ಚಿಹ್ನೆ ಇದ್ದವರು ಮಾತ್ರ ಮಾತಾಡಬಹುದು, ಉಳಿದವರು ಕೇಳಬಹುದು ಅಷ್ಟೇ.

ನಾವು ಒಮ್ಮೆ ಒಬ್ಬ ಅತಿಥಿಯನ್ನು ಕರೆದು ಪ್ರಶ್ನೋತ್ತರ ಇಟ್ಟುಕೊಂಡಿದ್ದೆವು. +ಎಂ ಹಾಕಿದೆವು. ಅತಿಥಿಗೆ ವಾಯ್ಸ್ ಕೊಟ್ಟೆವು. ಹತ್ತು ನಿಮಿಷ ಆದರೂ ಒಂದೂ ಪ್ರಶ್ನೆ ಇಲ್ಲ! ಅತಿಥಿ ಪಾಪ 'ಯಾರಾದರೂ ಇದ್ದೀರಾ' ಅಂತ ಕೇಳುತ್ತಿದ್ದಾರೆ. ಜನ ಪ್ರಶ್ನೆ ಟೈಪ್ ಮಾಡುತ್ತಲೇ ಇದ್ದರು, ಅವರಿಗೆ 'ಕಳಿಸಲು ಆಗುವುದಿಲ್ಲ' ಅಂತ ಉತ್ತರ ಬರುತ್ತಿತ್ತು. ನಮಗೆ ಅದು ಕಾಣುತ್ತಲೇ ಇರಲಿಲ್ಲ. ಲಿಬೆರಾದಲ್ಲಿ ಇದಕ್ಕೆ +ಝೆಡ್ ಇದೆ. ತಡೆದ ಮಾತು ಆಪ್‌ಗಳಿಗೆ ಮಾತ್ರ ಕಾಣುತ್ತದೆ, ಅವರು ಆರಿಸಿ ಮುಂದೆ ಇಡಬಹುದು. ಇದು ಗೊತ್ತಾದದ್ದು ಕಾರ್ಯಕ್ರಮ ಮುಗಿದ ಮೇಲೆ.

ಕೋತಿಚೇಷ್ಟೆ

ನನ್ನದು ಇದಕ್ಕಿಂತ ಚೆನ್ನಾಗಿದೆ ಕೇಳಿ. ನಾನು ಕಲಿತದ್ದು +ಕ್ಯೂ ಅಂದರೆ ಬಾಯಿ ಮುಚ್ಚಿಸುವುದು ಅಂತ. ಚಾನೆಲ್‌ನಲ್ಲಿ ಇರಬಹುದು, ಮಾತಾಡುವಂತಿಲ್ಲ. ಆಮೇಲೆ ಬೇರೆ ನೆಟ್‌ವರ್ಕ್‌ನಲ್ಲಿ ನನ್ನದೇ ಒಂದು ಚಾನೆಲ್ ಮಾಡಿಕೊಂಡೆ. ಒಬ್ಬ ಬಂದು ಒಂದೇ ಸಮನೆ ಕಿರಿಕಿರಿ. ಠೀವಿಯಿಂದ +ಕ್ಯೂ ಅಂತ ಅವನ ನಿಕ್ (ಚಾಟ್ ಹೆಸರು) ಹೊಡೆದೆ.

ಆ ನೆಟ್‌ವರ್ಕ್‌ನಲ್ಲಿ +ಕ್ಯೂ ಅಂದರೆ ಓನರ್. ಅವನ ಹೆಸರಿನ ಮುಂದೆ ~ ಮೂಡಿತು. ಇಬ್ಬರೂ ಒಂದು ಗಳಿಗೆ ಸುಮ್ಮನಿದ್ದೆವು. ಆಮೇಲೆ ಅವನು 'ಥ್ಯಾಂಕ್ಸ್ ಗುರು' ಅಂದ.

ಬೀಗದಕೈ

ನಗು ತಡೆಯಲು ಆಗುತ್ತಿಲ್ಲ. ಆದರೆ ಇದು ಎಲ್ಲರೂ ತಿಳಿದಿರಬೇಕಾದ ವಿಷಯ. ಮೂಲ ನಿಯಮದಲ್ಲಿ ಇರುವುದು @ ಮತ್ತು + ಎರಡೇ. ಆ ನಿಯಮ ಬರೆದಿಟ್ಟ ದಾಖಲೆ 1993ರ ಆರ್‌ಎಫ್‌ಸಿ 1459 ನೋಡಿ, ಅಷ್ಟೇ ಸಿಗುತ್ತದೆ. % ಅಂದರೆ ಹಾಫ್ ಆಪ್, & ಅಂದರೆ ಅಡ್ಮಿನ್, ~ ಅಂದರೆ ಓನರ್. ಇವೆಲ್ಲಾ ಆಮೇಲೆ ಬೇರೆ ಬೇರೆ ಸರ್ವರ್ ತಂತ್ರಾಂಶದವರು ಸೇರಿಸಿದ್ದು. ಅನ್‌ರಿಯಲ್ ಅನ್ನುವ ಸರ್ವರ್ ತಂತ್ರಾಂಶದಲ್ಲಿ ಇವೆ, ಲಿಬೆರಾದಲ್ಲಿ ಹಾಫ್ ಆಪ್ ಇಲ್ಲವೇ ಇಲ್ಲ.

ಹಂತಕ್ಕೆ ಅಂಕಿ ಕೊಡುವ ಪದ್ಧತಿಯೂ ಒಂದೊಂದು ಕಡೆ ಒಂದೊಂದು ಥರ. ಅಥೀಮ್ ಥರದ್ದೇ ಇನ್ನೊಂದು ತಂತ್ರಾಂಶ ಅನೋಪ್‌ನಲ್ಲಿ ವಾಯ್ಸ್ 3, ಹಾಫ್ ಆಪ್ 4, ಆಟೋ ಆಪ್ 5, ಸೂಪರ್ ಆಪ್ 10. ಅಂಡರ್‌ನೆಟ್ ಅನ್ನುವ ನೆಟ್‌ವರ್ಕ್‌ನ ಎಕ್ಸ್ ಬಾಟ್‌ನಲ್ಲಿ 500ರವರೆಗೆ ಅಂಕಿ, 500 ಇದ್ದವರು ಚಾನೆಲ್ ಮ್ಯಾನೇಜರ್. ನಮಗಿಂತ ಕೆಳಗಿನ ಅಂಕಿ ಮಾತ್ರ ಇನ್ನೊಬ್ಬರಿಗೆ ಕೊಡಬಹುದು. ನನಗೆ ಅಂಕಿಗಿಂತ ಫ್ಲ್ಯಾಗ್ ಇಷ್ಟ. ಅಂಕಿಯಲ್ಲಿ 'ಟಾಪಿಕ್ ಬದಲಿಸಲಿ, ಆದರೆ ಕಿಕ್ ಮಾಡುವುದು ಬೇಡ' ಅನ್ನುವುದು ಕಷ್ಟ. ಫ್ಲ್ಯಾಗ್‌ನಲ್ಲಾದರೆ ಒಂದು ಟಿ ಕೊಟ್ಟರೆ ಆಯಿತು.

ನೇರಳೆಬೆಕ್ಕು

ಐಆರ್‌ಸಿ ಕಾಲದ ಕಥೆ ಸೊಗಸಾಗಿದೆ, ಆದರೆ ಡಿಸ್ಕಾರ್ಡ್‌ನಲ್ಲೂ ಇದೇ ತಪ್ಪು ಮಾಡುತ್ತೇವೆ. ಅಲ್ಲಿ 'ಅಡ್ಮಿನಿಸ್ಟ್ರೇಟರ್' ಅಂತ ಒಂದು ಪರ್ಮಿಷನ್ ಇದೆ. ಅದೊಂದು ಆನ್ ಮಾಡಿದರೆ ಉಳಿದ ಯಾವುದನ್ನೂ ಯೋಚಿಸಬೇಕಿಲ್ಲ ಅಂತ ಎಲ್ಲಾ ಮಾಡರೇಟರ್‌ಗಳಿಗೂ ಕೊಟ್ಟುಬಿಡುತ್ತಾರೆ. ಆಮೇಲೆ ಯಾವುದೋ ಚಾನೆಲ್ ಅವರಿಗೆ ಕಾಣದಂತೆ ಮುಚ್ಚಿದರೂ ಅದು ಕೆಲಸ ಮಾಡುವುದಿಲ್ಲ. ಅಡ್ಮಿನಿಸ್ಟ್ರೇಟರ್ ಇದ್ದವರಿಗೆ ಚಾನೆಲ್ ಮಟ್ಟದ ತಡೆ ಲೆಕ್ಕಕ್ಕೇ ಇಲ್ಲ.

ಬಾಟ್‌ಗಳಿಗೂ ಅಷ್ಟೇ. ಬರೀ ಸಂಗೀತ ಹಾಕುವ ಬಾಟ್‌ಗೆ ಅಡ್ಮಿನಿಸ್ಟ್ರೇಟರ್ ಯಾಕೆ ಬೇಕು ಹೇಳಿ? ಒಂದು ಒಳ್ಳೆಯದಿದೆ, ಅಲ್ಲಿ ರೋಲ್‌ಗಳು ಮೇಲೆ ಕೆಳಗೆ ಅಂತ ಜೋಡಿಸಿರುತ್ತವೆ. ತನ್ನ ಅತಿ ಮೇಲಿನ ರೋಲ್‌ಗಿಂತ ಮೇಲಿದ್ದವರನ್ನು ಯಾರೂ ತೆಗೆಯಲು ಆಗುವುದಿಲ್ಲ, ಸರಿಸಮ ಇದ್ದವರನ್ನೂ ಆಗುವುದಿಲ್ಲ. ನಿಮ್ಮ 14 ಜನ ಅಲ್ಲಿ ಒಂದೇ ರೋಲ್‌ನಲ್ಲಿದ್ದಿದ್ದರೆ ಒಬ್ಬರನ್ನೊಬ್ಬರು ಕಿಕ್ ಮಾಡಲು ಆಗುತ್ತಿರಲಿಲ್ಲ.

ಕಲ್ಲುಸಕ್ಕರೆ

ಸರಿಸಮದ ಮಾತು ಬಂತಲ್ಲ, ಮ್ಯಾಟ್ರಿಕ್ಸ್ ಅನ್ನುವ ಚಾಟ್ ಜಾಲದಲ್ಲಿ ನಾನು ಸುಟ್ಟುಕೊಂಡದ್ದು ಅದರಲ್ಲೇ. ಅಲ್ಲಿ ಪವರ್ ಲೆವೆಲ್ ಅಂತ ಅಂಕಿ. ಸಾಮಾನ್ಯವಾಗಿ ಸದಸ್ಯರಿಗೆ 0, ಮಾಡರೇಟರ್‌ಗೆ 50, ಅಡ್ಮಿನ್‌ಗೆ 100. ಸ್ನೇಹಿತನಿಗೆ ಪ್ರೀತಿಯಿಂದ 100 ಕೊಟ್ಟೆ. ಕೊಡುವಾಗಲೇ ಒಂದು ಎಚ್ಚರಿಕೆ ಬಂತು, ಅವನು ನಿಮಗೆ ಸಮ ಆಗುತ್ತಾನೆ, ವಾಪಸ್ ಪಡೆಯಲು ಆಗುವುದಿಲ್ಲ ಅಂತ. ಓದದೆ ಸರಿ ಅಂದೆ. ಜಗಳ ಆದ ಮೇಲೆ ಇಳಿಸಲು ಹೋದರೆ ಆಗಲಿಲ್ಲ. ನನ್ನನ್ನು ನಾನೇ ಇಳಿಸಿಕೊಳ್ಳಬಹುದಿತ್ತು ಅಷ್ಟೇ. ಕೊನೆಗೆ ಹೊಸ ರೂಮ್ ಮಾಡಿ ಎಲ್ಲರನ್ನೂ ಕರೆದುಕೊಂಡು ಹೋದೆ. ಅರ್ಧ ಜನ ಬರಲಿಲ್ಲ.

ಟೆಲಿಗ್ರಾಂನಲ್ಲಿ ನನಗೆ ಹಿಡಿಸಿದ್ದು ಒಂದೊಂದು ಹಕ್ಕನ್ನೂ ಬಿಡಿಸಿ ಕೊಟ್ಟಿರುವುದು. ಮೆಸೇಜ್ ಅಳಿಸುವುದು ಬೇರೆ, ಬ್ಯಾನ್ ಬೇರೆ, ಪಿನ್ ಬೇರೆ, ಹೊಸ ಅಡ್ಮಿನ್ ಸೇರಿಸುವುದು ಬೇರೆ. ಆ ಕೊನೆಯದನ್ನು ಮಾತ್ರ ಯಾರಿಗೂ ಕೊಡಬೇಡಿ. ಯಾರು ಏನು ಮಾಡಿದರು ಅನ್ನುವುದೂ 48 ಗಂಟೆ ಕಾಲ ನೋಡಲು ಸಿಗುತ್ತದೆ.

ಬೀಗದಕೈ

ಹೊಸ ಅಡ್ಮಿನ್ ಸೇರಿಸುವುದು ಅಂದಿರಲ್ಲ, ಐಆರ್‌ಸಿಯಲ್ಲಿ ಸಣ್ಣ ಎಫ್ ಅಂದರೆ ಅದೇ. ಎಲ್ಲಾ ಕಡೆ ಒಂದೇ ಬಾಗಿಲು, ಬೋರ್ಡು ಬೇರೆ.

ಎಕ್ಸ್‌ಎಂಪಿಪಿ ಅನ್ನುವ ಇನ್ನೊಂದು ಚಾಟ್ ವ್ಯವಸ್ಥೆಯವರು ಇದನ್ನು ಮೊದಲೇ ಬಿಡಿಸಿ ಬರೆದಿಟ್ಟಿದ್ದಾರೆ. ಅಲ್ಲಿ ಅಫಿಲಿಯೇಷನ್ ಅಂತ ಒಂದು, ರೋಲ್ ಅಂತ ಒಂದು. ಓನರ್, ಅಡ್ಮಿನ್, ಮೆಂಬರ್, ಔಟ್‌ಕಾಸ್ಟ್ ಇವು ಅಫಿಲಿಯೇಷನ್, ನೀವು ಹೊರಗೆ ಹೋದರೂ ಉಳಿಯುತ್ತವೆ. ಮಾಡರೇಟರ್, ಪಾರ್ಟಿಸಿಪೆಂಟ್, ವಿಸಿಟರ್ ಇವು ರೋಲ್, ಈ ಸಲ ಒಳಗೆ ಇರುವಷ್ಟು ಹೊತ್ತು ಮಾತ್ರ. ನಾನು ಮೇಲೆ ಪಟ್ಟಿ ಮತ್ತು @ ಅಂತ ಹೇಳಿದ್ದು ಇದನ್ನೇ.

ಹೊಸ್ತಿಲು

ಎಲ್ಲರೂ ಅಕ್ಷರದ ಲೆಕ್ಕ ಮಾಡುತ್ತಿದ್ದೀರಿ. ನಾನು ತೆಗೆಸಿಕೊಂಡವನು, ನನ್ನದೂ ಕೇಳಿ.

ಒಂದು ಚಾನೆಲ್‌ನಲ್ಲಿ ಏಳು ವರ್ಷ ಆಪ್ ಆಗಿದ್ದೆ. ಮನೆಯಲ್ಲಿ ತೊಂದರೆ ಇತ್ತು, ಐದು ತಿಂಗಳು ಬರಲಿಲ್ಲ. ಒಂದು ದಿನ ಬಂದೆ. ಚಾನ್‌ಸರ್ವ್ ಕೇಳಿದರೆ ನಿಮಗೆ ಅನುಮತಿ ಇಲ್ಲ ಅಂತ ಉತ್ತರ. ಏನೋ ತಾಂತ್ರಿಕ ಸಮಸ್ಯೆ ಅಂದುಕೊಂಡು ಎರಡು ಸಲ ಕೇಳಿದೆ. ಹೊಸ ಹುಡುಗರು ನೋಡುತ್ತಿದ್ದರು. ಒಬ್ಬ 'ಇವರು ಯಾರು' ಅಂದ. ತೆಗೆದದ್ದು ಸರಿಯೇ ಇರಬಹುದು. ಎರಡು ಸಾಲು ಮೆಮೊ ಬಿಟ್ಟಿದ್ದರೆ ಏನಾಗುತ್ತಿತ್ತು? ಮೆಮೊಸರ್ವ್ ಇದೆ, ಆಫ್‌ಲೈನ್ ಇದ್ದವರಿಗೂ ಹೋಗುತ್ತದೆ.

ಮಾತುಕಮ್ಮಿ

ಹೊಸ್ತಿಲು ಅಣ್ಣ, ಇದು ಓದಿ ನಾಚಿಕೆ ಆಯಿತು. ನಾವೂ ಹಾಗೇ ಮಾಡಿದ್ದೇವೆ. ಹಳಬರಿಗೆ ಒಳಗೆ ಬಂದಾಗ ತಾನಾಗಿಯೇ ವಾಯ್ಸ್ ಬರುವ ಹಾಗೆ ದೊಡ್ಡ ವಿ ಕೊಟ್ಟರೆ ಹೇಗೆ? ಗುರುತೂ ಉಳಿಯುತ್ತದೆ, ಅಪಾಯವೂ ಇಲ್ಲ.

ನೇರಳೆಬೆಕ್ಕು

ನನಗೆ ಒಪ್ಪಿಗೆ ಇಲ್ಲ. ವಾಯ್ಸ್ ಅನ್ನು ಪದಕದ ಥರ ಹಂಚಿದರೆ ಟ್ರೋಲ್ ದಾಳಿ ಆದಾಗ +ಎಂ ಹಾಕುತ್ತೀರಿ, ಆಗ ಯಾರದೋ ಕದ್ದ ಅಕೌಂಟ್‌ಗೂ ಮಾತಾಡುವ ಹಕ್ಕು ಇರುತ್ತದೆ. ಗೌರವಕ್ಕೆ ಟಾಪಿಕ್‌ನಲ್ಲೋ ಪರಿಚಯದ ಪುಟದಲ್ಲೋ ಹೆಸರು ಹಾಕಿ.

ಹೊಸ್ತಿಲು

ನನಗೆ ವಾಯ್ಸೂ ಬೇಡ, ಹೆಸರೂ ಬೇಡ. ಮೊದಲೇ ಒಂದು ಮಾತು ಹೇಳಿದರೆ ಸಾಕು.

ಕೋತಿಚೇಷ್ಟೆ

ಬ್ಯಾನ್ ಬಗ್ಗೆಯೂ ಒಂದು ಮಾತು, ಯಾಕೆಂದರೆ ಹೊಸ ಆಪ್‌ಗಳು ಎಡವುವುದು ಅಲ್ಲೇ. ಬ್ಯಾನ್ ಬೀಳುವುದು ವ್ಯಕ್ತಿಗಲ್ಲ, ನಿಕ್!ಯೂಸರ್@ಹೋಸ್ಟ್ ಅನ್ನುವ ಆಕಾರಕ್ಕೆ. ನಿಕ್ ಮೇಲೆ ಹಾಕಿದರೆ ಅವನು ನಿಕ್ ಬದಲಿಸಿ ಬರುತ್ತಾನೆ. ಹೋಸ್ಟ್ ಮೇಲೆ, ಅಂದರೆ ಅವನು ಬರುವ ವಿಳಾಸದ ಮೇಲೆ, ಹಾಕಿದರೆ, ಒಂದೇ ಗೇಟ್‌ವೇಯಿಂದ ಬರುವ ಅಮಾಯಕರೂ ಹೊರಗೆ. ಲಿಬೆರಾದಂಥ ಕಡೆ $ಎ: ಅಂತ ಹಾಕಿ ಅಕೌಂಟ್ ಹೆಸರನ್ನೇ ಬ್ಯಾನ್ ಮಾಡಬಹುದು, ಅದು ಚೊಕ್ಕ. ಇನ್ನೊಂದು, ಬ್ಯಾನ್ ಹಾಕಿದ ಮಾತ್ರಕ್ಕೆ ಒಳಗಿದ್ದವರು ಹೊರಗೆ ಹೋಗುವುದಿಲ್ಲ. ಮೊದಲು ಬ್ಯಾನ್, ಆಮೇಲೆ ಕಿಕ್. ತಿರುಗಾಮುರುಗಾ ಮಾಡಿದರೆ ಅವನು ನಡುವೆ ಮತ್ತೆ ನುಗ್ಗುತ್ತಾನೆ.

ಓಲೆಗರಿ

ಎಲ್ಲರಿಗೂ ಧನ್ಯವಾದ. ನಿನ್ನೆ ಫೌಂಡರ್ ಜೊತೆ ಕೂತು ಪಟ್ಟಿ ಬರೆದೆವು. ಫೌಂಡರ್ ಹಾಗೇ ಇದ್ದಾರೆ, ಅವರ ನಂತರ ಯಾರು ಅನ್ನುವುದಕ್ಕೆ ಒಬ್ಬರನ್ನು ಸಕ್ಸೆಸರ್ ಮಾಡಿದೆವು. ಇಷ್ಟು ವರ್ಷ ಅದೊಂದನ್ನು ಯಾರೂ ಯೋಚಿಸಿರಲಿಲ್ಲ. ಸಣ್ಣ ಎಫ್ ಇಬ್ಬರಿಗೆ ಮಾತ್ರ, ಒಬ್ಬರು ಹಗಲು ಇರುವವರು, ಇನ್ನೊಬ್ಬರು ರಾತ್ರಿ ಎದ್ದಿರುವವರು. ಇಬ್ಬರಿಗೂ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇಡಿ ಅಂತ ಹೇಳಿದ್ದೇವೆ. ಐದು ಜನರಿಗೆ ಸಣ್ಣ ಓ. ಮೂವರಿಗೆ ಟಿ ಮಾತ್ರ, ಅವರು ನಿಜಕ್ಕೂ ಮಾಡುತ್ತಿದ್ದ ಕೆಲಸ ಟಾಪಿಕ್ ಬದಲಿಸುವುದು ಅಷ್ಟೇ. ದೊಡ್ಡ ಓ ಯಾರಿಗೂ ಇಲ್ಲ. ಉಳಿದ ನಾಲ್ವರಿಗೆ ಮೆಮೊ ಬರೆದೆವು. ಹೊಸ್ತಿಲು ಅವರ ಮಾತು ನೆನಪಿಟ್ಟುಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದೆ, ಕಾಪಿ ಮಾಡಲಿಲ್ಲ. ಇಬ್ಬರಿಂದ ಉತ್ತರ ಬಂದಿದೆ. ಅದರಲ್ಲಿ ಒಬ್ಬರು ಅಕೌಂಟ್ ಕಳೆದುಕೊಂಡವರೇ. 'ನನಗೆ ಆಪ್ ಇತ್ತು ಅನ್ನುವುದೇ ಮರೆತಿತ್ತು' ಅಂದರು.

ನಾನು ಸಣ್ಣ ಓ ಜನರಲ್ಲಿ ಒಬ್ಬ. ಮೊದಲ ದಿನ @ ಇಲ್ಲದೆ ಬರಿಗಾಲಲ್ಲಿ ನಿಂತ ಹಾಗೆ ಅನಿಸಿತು. ನಿಜ ಹೇಳುತ್ತಿದ್ದೇನೆ.

ಬೀಗದಕೈ

ಚೆನ್ನಾಗಿ ಮಾಡಿದ್ದೀರಿ. ಒಂದು ಕೇಳಲಾ? ನಿಮ್ಮ ಚಾನೆಲ್‌ನಲ್ಲಿ ಲಾಗ್ ಬರೆಯಲು ಒಂದು ಬಾಟ್ ಇತ್ತಲ್ಲ, ಅದಕ್ಕೆ ಯಾವ ಫ್ಲ್ಯಾಗ್ ಇದೆ?

ಓಲೆಗರಿ

ನೋಡಿದೆ. ಅದೇ ಹಳೆಯ ಅಚ್ಚು. ಎಫ್, ದೊಡ್ಡ ಓ, ಎಲ್ಲಾ ಇದೆ. ಮನುಷ್ಯರನ್ನು ಎಣಿಸುವ ಭರದಲ್ಲಿ ಅದು ಲೆಕ್ಕಕ್ಕೇ ಬಂದಿರಲಿಲ್ಲ. ಪಟ್ಟಿ ತಿದ್ದುವ ಹಕ್ಕು ಈಗ ನನಗಿಲ್ಲ. ರಾತ್ರಿ ಇರುವವರು ಬರಲಿ ಅಂತ ಕಾಯುತ್ತಿದ್ದೇನೆ.